ಬೋಹಿನ್ ಕೆರೆಯಲ್ಲಿ ಪಾರಕ್ಕನ ಹರಿಗೋಲು

ಹೊಸಪೇಟೆ

"ಸೈಕಲ್ ಹೊಡಿಯಾಕ ವಿಮಾನ ಹತ್ತಿ ಹೋಗಬೇಕೇನು? ಮಲಪನಗುಡಿತನಾ ಹೋಗಿ ಬಾ, ಗಾಲಿಗೆ ಗಾಳಿ ನಾನ ಹಾಕಿಸಿ ಕೊಡ್ತೀನಿ," ಎಂದರು ನಮ್ಮ ಮನೆಯವರು. ಸ್ಲೊವೇನಿಯಾ ಎಂಬ ದೇಶದಲ್ಲಿ ಗುರುತು ಪರಿಚಯವಿಲ್ಲದವರ ಗುಂಪು ಸೇರಿ ಆರು ದಿನ ಬೆಟ್ಟ ಹತ್ತಬೇಕು, ಸೈಕಲ್ ತುಳಿಯಬೇಕು, ಕೆರೆಯಲ್ಲಿ ಕಯಾಕ್ ಅಂದರೆ ಉದ್ದನೆಯ ಕಿರುದೋಣಿ ನಡೆಸಬೇಕು ಎಂದು ನಾನು ಓದಿ ಹೇಳಿದ್ದಕ್ಕೆ ಬಂದ ಉತ್ತರ ಅದು. ಅವರನ್ನು ಕೇಳಿದ್ದೇ ನನ್ನ ತಪ್ಪು.

ಮೂವತ್ತೊಂದು ವರ್ಷ ಹೊಸಪೇಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಅವಧಿಗೆ ಮುಂಚೆಯೇ ನಿವೃತ್ತಳಾದವಳು ನಾನು. ರಜೆಯ ದಿನ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದಾಗಲೆಲ್ಲ ಬಾಡಿಗೆ ಸೈಕಲ್ಲಿನಲ್ಲಿ ಬಾಳೆತೋಟದ ನಡುವೆ ಬೆವರು ಸುರಿಸುತ್ತ ಹೋಗುವ ವಿದೇಶಿ ಹೆಂಗಸರನ್ನು ನೋಡುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರೂ ಇರುತ್ತಿದ್ದರು. ಅವರು ಇಲ್ಲಿಗೆ ಬಂದು ಬೆವರಬಹುದಾದರೆ ನಾನು ಅಲ್ಲಿಗೆ ಹೋಗಿ ಯಾಕೆ ಬೆವರಬಾರದು? ನೋಡೇ ಬಿಡೋಣ ಎಂದು ಹೆಸರು ಕೊಟ್ಟೆ.

ಜೊತೆಗೆ ಯಾರೂ ಸಿಗಲಿಲ್ಲ. ಕೊನೆಗೆ ಸಂಡೂರಿನಿಂದ ನಮ್ಮಕ್ಕ ಪಾರ್ವತಮ್ಮ ಫೋನ್ ಮಾಡಿ, "ನೀನೊಬ್ಬಾಕಿ ಹೋಗಬ್ಯಾಡ ನೀಲಾ, ನಾ ಬರತೀನಿ," ಅಂದಳು. ಅರವತ್ಮೂರು ವಯಸ್ಸು, ಸಕ್ಕರೆ ಕಾಯಿಲೆ, ಇಂಗ್ಲಿಷ್ ಬಾರದು, ಹೊರಗಿನ ನೀರು ಕುಡಿಯಳು. ಬೇಡ ಅನ್ನಬೇಕಿತ್ತು. ಪಾರಕ್ಕನಿಗೆ ಬೇಡ ಅಂದವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲ ಮುಂಜಾನೆ

ನಮ್ಮ ಗುಂಪಿನ ಗೈಡ್ ಇಪ್ಪತ್ತೆಂಟು ವರ್ಷದ ಹುಡುಗಿ, ಹೆಸರು ಮಾಯಾ. ಹೆಸರು ಕೇಳಿದ ಕೂಡಲೇ ಅಕ್ಕ, "ನಮ್ಮಾಕಿನ ಬಿಡು," ಅಂದು ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಏನಾಯಿತೆಂದು ತಿಳಿಯದೆ ಮಾಯಾ ತನ್ನ ಕೆನ್ನೆ ಒರೆಸಿಕೊಂಡಳು. ಏಳೂವರೆಗೆ ಸರಿಯಾಗಿ ಹೊರಡಬೇಕು ಎಂದು ಅವಳು ಮೂರು ಸಲ ಹೇಳಿದ್ದಳು. ನಾವಿಬ್ಬರಲ್ಲದೆ ಇನ್ನೂ ಏಳು ಮಂದಿ. ಅವರಲ್ಲಿ ಹೆಂಕ್ ಎಂಬ ಎಪ್ಪತ್ತರ ಡಚ್ ಮುದುಕ ಏಳು ಇಪ್ಪತ್ತೈದಕ್ಕೇ ಬೂಟಿನ ದಾರ ಬಿಗಿದು ಗೇಟಿನ ಹತ್ತಿರ ಕಾವಲುಗಾರನಂತೆ ನಿಂತಿದ್ದ.

ಏಳು ಇಪ್ಪತ್ತಾರಕ್ಕೆ ಅಕ್ಕ ಹಾಸಿಗೆಯ ಮೇಲೆ ಟವೆಲ್ ಹಾಸಿಕೊಂಡು, ಹಣೆ ತುಂಬ ಈಬತ್ತಿ ಬಳಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಲಿಂಗಪೂಜೆ ಆಗದೆ ಅವಳು ಗುಟುಕು ನೀರು ಕುಡಿಯುವುದಿಲ್ಲ, ಅದು ಗೊತ್ತಿದ್ದದ್ದೇ. ಪತ್ರಿ ಸಿಗಲಿಲ್ಲವೆಂದು ಹೋಟೆಲಿನವರ ಕಿಟಕಿಯ ಕುಂಡದ ಎಲೆಗಳನ್ನೇ ಹರಿದು ತಂದಿದ್ದಳು, ಅದನ್ನೂ ನುಂಗಿಕೊಂಡೆ. ಆದರೆ ಅವಳ ಎಡ ಅಂಗೈಯಲ್ಲಿ ಎರಡು ಇಷ್ಟಲಿಂಗಗಳಿದ್ದವು.

"ಇನ್ನೊಂದು ಯಾರದಕ್ಕಾ?" ಎಂದೆ.

"ನಿಂದು."

ಕಣ್ಣು ತೆರೆಯದೆಯೇ ಹೇಳಿದಳು. "ನಿಮ್ಮ ಬಚ್ಚಲ ಗೂಡಿನಾಗ ಸಬಕಾರದ ಬಾಜೂಕ ಇತ್ತು. ನಿನ್ನ ಮಗಳ ಮದಿವಿ ವರ್ಷ. ಎರಡು ದಿನ ನೋಡಿದೆ, ನೀ ಹುಡುಕಲಿಲ್ಲ. ತಗೊಂಡು ಸಂಡೂರಿಗೆ ಹೋದೆ."

ಮಗಳ ಮದುವೆಯಾಗಿ ಹದಿನಾಲ್ಕು ವರ್ಷ. ಒಂದು ಬೇಸಿಗೆಯಲ್ಲಿ ಕೊರಳೆಲ್ಲ ಬೆವರುಸಾಲೆಯಾಗಿ ಸ್ನಾನಕ್ಕೆ ತೆಗೆದಿಟ್ಟಿದ್ದೆ. ಮರುದಿನ ಶಾಲೆಗೆ ಹೊತ್ತಾಯಿತು, ಅದರ ಮರುದಿನ ಪರೀಕ್ಷೆ ಶುರುವಾಯಿತು. ಆಮೇಲೆ ಅದು ದೇವರ ಜಗಲಿಯ ಮೇಲೆ ಇದೆ ಅಂದುಕೊಂಡೇ ಇದ್ದೆ. ಒಂದು ದಿನವೂ ತೆಗೆದು ನೋಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

"ಹದಿನಾಲ್ಕು ವರ್ಷ ನನಗ ಹೇಳಲಿಲ್ಲಲ್ಲಾ ನೀನು?"

"ನೀ ಕೇಳಿದ್ರ ಹೇಳತಿದ್ದೆ," ಅಂದಳು. ನಿಧಾನವಾಗಿ ಎರಡಕ್ಕೂ ನೀರೆರೆದು, ಎರಡಕ್ಕೂ ಎಲೆ ಏರಿಸಿ, ಆಮೇಲೆ ಕಣ್ಣು ತೆರೆದಳು. "ನನಗ ವಯಸ್ಸಾತು ನೀಲಾ. ನಾ ಹೋದ ಮ್ಯಾಲ ಇದನ್ನ ಯಾರು ನೋಡ್ಕೊಂತಾರ? ನಾಳೆ ನಿನ್ನ ಮಣ್ಣು ಮಾಡುವಾಗ ಅಂಗೈಯಾಗ ಏನು ಇಡತಾರ? ಈ ಸಲ ಇದನ್ನ ನಿನ್ನ ಕೊಳ್ಳಾಗ ಹಾಕೇ ನಾ ಊರಿಗೆ ಬರಾಕಿ. ಅದಕ್ಕ ಬಂದೀನಿ. ಗುಡ್ಡ ನೋಡಾಕ ಅಲ್ಲ. ಸಂಡೂರಾಗ ಗುಡ್ಡ ಇಲ್ಲೇನು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಳ್ಳತನದಲ್ಲಿ ಪೂಜೆ ಮಾಡಿ ಈಗ ಪರದೇಶದಲ್ಲಿ ಹಿಡಿದು ಕಟ್ಟಿಹಾಕುತ್ತಾಳಲ್ಲ, ನಾನೇನು ಸಣ್ಣ ಹುಡುಗಿಯೇ? ಕಟ್ಟಿಕೊಳ್ಳುವುದಿಲ್ಲ ಎಂದೆ. "ಬ್ಯಾಡ ಬಿಡು," ಅಂದು ಅವಳು ಎರಡನ್ನೂ ತನ್ನ ಕೊರಳಿಗೆ ಹಾಕಿಕೊಂಡಳು. ತನ್ನದನ್ನು ಬೆಳ್ಳಿಯ ಕರಡಿಗೆಯಲ್ಲಿ, ನನ್ನದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ. ನಾವು ಕೆಳಗಿಳಿದಾಗ ಎಂಟಕ್ಕೆ ಹತ್ತು ನಿಮಿಷ. ಹೆಂಕ್ ಕೈಗಡಿಯಾರ ನೋಡಿಕೊಂಡ. ಅವನು ಬೈದಿದ್ದರೆ ಚೆನ್ನಾಗಿತ್ತು.

ಜಲಪಾತದ ಮೆಟ್ಟಿಲು

ಬೆಟ್ಟ ಹತ್ತುವ ದಿನ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಸಾವಿತ್ಸಾ ಎಂಬ ಜಲಪಾತ ನೋಡಿದೆವು. ನೋಡಿದೆವು ಅಂದರೆ ಅವರು ನೋಡಿದರು. ನಾನು ಮುನ್ನೂರನೆಯ ಮೆಟ್ಟಿಲಿನಲ್ಲಿ ಮೊಣಕಾಲು ಹಿಡಿದುಕೊಂಡು ಕೂತಿದ್ದೆ. ಈ ಪ್ರವಾಸ ಆರಿಸಿದವಳು ನಾನು, ಬೂಟಿಗಾಗಿ ಅಂಗಡಿ ಅಂಗಡಿ ಅಲೆದವಳು ನಾನು, ಎರಡು ತಿಂಗಳು ಟಿ.ಬಿ. ಡ್ಯಾಮಿನ ರಸ್ತೆಯಲ್ಲಿ ನಡೆದು ಅಭ್ಯಾಸ ಮಾಡಿದವಳೂ ನಾನೇ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹೆಂಕನನ್ನೂ ಹಿಂದೆ ಹಾಕಿ ಹೋದವಳು ಅಕ್ಕ. ದಿನಾ ಸಂಡೂರಿನ ಏರುಗಳಲ್ಲಿ ಓಡಾಡುವವಳಿಗೆ ಇದು ಮನೆಯ ಮೆಟ್ಟಿಲಾಯಿತು.

ಇಲ್ಲಿನ ಜನರ ಪದ್ಧತಿ ನನಗೆ ಅರ್ಥವಾಗಲಿಲ್ಲ. ದಾರಿಯಲ್ಲಿ ಎದುರಾದವರೆಲ್ಲ, ಅವರ ಉಸಿರು ಹೋಗುತ್ತಿದ್ದರೂ ನಮ್ಮ ಉಸಿರು ಹೋಗುತ್ತಿದ್ದರೂ, "ದೋಬರ್ ದಾನ್" ಎಂದು ನಮಸ್ಕಾರ ಹೇಳಿಯೇ ಮುಂದೆ ಹೋಗುತ್ತಾರೆ. ಹಾಗೆ ಹೇಳಿದ ಮೇಲೆ ಮಾತಿಲ್ಲ. ಯಾವ ಊರು, ಎಷ್ಟು ಮಕ್ಕಳು, ಏನೂ ಕೇಳುವುದಿಲ್ಲ. ಅಕ್ಕನಿಗೆ ಇದು ಭಾರೀ ಅವಮಾನ. "ಕುಂದ್ರಿ ಅನ್ನಂಗಿಲ್ಲ, ಉಂಡ್ರೇನು ಅನ್ನಂಗಿಲ್ಲ. ಮತ್ತ್ಯಾಕ ನಮಸ್ಕಾರ ಮಾಡತಾರ?" ಎಂದು ನನ್ನನ್ನು ಕೇಳಿದಳು. ಹನ್ನೆರಡು ಗಂಟೆಯಾದ ಕೂಡಲೇ ನಿಂತಲ್ಲೇ ನಿಂತು ಬ್ರೆಡ್ಡು ತಿನ್ನುತ್ತಾರೆ. ಹತ್ತು ಹೆಜ್ಜೆ ಮುಂದೆ ಕಲ್ಲುಬೆಂಚು ಇದ್ದರೂ ಅಷ್ಟೇ.

ಪ್ರತಿ ತಂಗುದಾಣದಲ್ಲೂ ಅಕ್ಕ ಕೇಳುತ್ತಿದ್ದಳು, "ಕಟ್ಟಿಕೊಂತೀ ಏನು?" ನಾನು ಇಲ್ಲ ಅನ್ನುತ್ತಿದ್ದೆ. ಮೂರನೆಯ ಸಲ ಮಾಯಾ, ನಿಮ್ಮಕ್ಕ ಏನು ಕೇಳುತ್ತಿದ್ದಾರೆ ಎಂದಳು. ನೀರು ಬೇಕಾ ಅಂತ ಕೇಳುತ್ತಾಳೆ ಎಂದು ಸುಳ್ಳು ಹೇಳಿದೆ. ಮಾಯಾ ತನ್ನ ಬಾಟಲಿ ಕೊಟ್ಟಳು.

ಸೈಕಲ್ಲಿನ ಎರಡು ದಿನ

ಅಕ್ಕನ ತುರುಬು ಹೆಲ್ಮೆಟ್ಟಿನೊಳಗೆ ಹಿಡಿಸಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಿ ಹೆಲ್ಮೆಟ್ಟು ತೊಡಿಸುವ ಹೊತ್ತಿಗೆ ಇಪ್ಪತ್ತು ನಿಮಿಷ. ಹೆಂಕ್ ಮತ್ತೆ ಗಡಿಯಾರ ನೋಡಿದ. ಸೈಕಲ್ಲಿಗೋಸ್ಕರ ಅಕ್ಕ ಜೀವಮಾನದಲ್ಲಿ ಮೊದಲ ಸಲ ಚೂಡಿದಾರ ಹಾಕಿದ್ದಳು. ಕನ್ನಡಿ ನೋಡಿಕೊಂಡು, "ಪೊಲೀಸ್ ಕಂಡಂಗ ಕಾಣತೀನಿ," ಅಂದಳು. ಕಂಪ್ಲಿಯ ನಮ್ಮ ತವರಿನ ಅಕ್ಕಿ ಗಿರಣಿಯಲ್ಲಿ ಅಪ್ಪನ ಕಣ್ಣು ತಪ್ಪಿಸಿ ಗುಮಾಸ್ತರ ಸೈಕಲ್ ಕಲಿತವಳು, ನಲವತ್ತೈದು ವರ್ಷದ ಮೇಲೆ ನಿನ್ನೆ ಇಳಿದವಳಂತೆ ಹತ್ತಿ ಹೊರಟಳು.

ನನ್ನ ಕಥೆ ಬೇಡ. ಮೋಟರು ಇಟ್ಟ ಸೈಕಲ್ಲುಗಳು ಅವು, ತುಳಿದರೆ ತಾವೇ ಮುಂದಕ್ಕೆ ನುಗ್ಗುತ್ತವೆ. ಒಂದು ಹಳ್ಳಿಯ ತಿರುವಿನಲ್ಲಿ ಬ್ರೇಕು ಹಿಡಿಯುವ ಬದಲು ತುಳಿದೆ. ಹುಲ್ಲು ಒಣಗಿಸಲು ಅಲ್ಲಿನವರು ಹೊಲದಲ್ಲಿ ಮರದ ಅಟ್ಟಣಿಗೆ ಕಟ್ಟಿ ಮೇಲೆ ಮಾಡು ಹಾಕುತ್ತಾರೆ, ನೇರ ಅದರೊಳಗೆ ಹೋಗಿ ಬಿದ್ದೆ. ಮಾಯಾ ಓಡಿ ಬಂದಳು. ಅಕ್ಕ ಮಾತ್ರ ನನ್ನನ್ನು ಬಿಟ್ಟು ಅಟ್ಟಣಿಗೆ ನೋಡುತ್ತ, "ಬಣವಿಗೆ ಮನಿ ಕಟ್ಟ್ಯಾರಲ್ಲೇ, ಮಸ್ತ್ ಐತಿ," ಎಂದು ನಿಂತಳು. ಮೈತುಂಬ ಹುಲ್ಲು ಮೆತ್ತಿಕೊಂಡ ನನ್ನ ಫೋಟೋವನ್ನು ಹೆಂಕ್ ತೆಗೆದ. ಆರು ದಿನದಲ್ಲಿ ಅವನು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಬೋಹಿನ್ ಕೆರೆ

ಕೊನೆಯ ದಿನ ಕಯಾಕ್. ಸುತ್ತ ಬೆಟ್ಟ, ನಡುವೆ ಕೆರೆ, ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಅವರು ಅದನ್ನು ಸರೋವರ ಅನ್ನುತ್ತಾರೆ. ತುಂಗಭದ್ರೆಯ ಹಿನ್ನೀರು ನೋಡಿ ಬೆಳೆದ ನನಗೆ ಅದು ಕೆರೆಯೇ. ಒಂದೊಂದು ದೋಣಿಗೆ ಇಬ್ಬರು. ಮಾಯಾ ಹುಟ್ಟು ಹಿಡಿಯುವ ಬಗೆ ತೋರಿಸಿದಳು. ಉದ್ದನೆಯ ಕೋಲು, ಎರಡೂ ತುದಿಗೆ ಹಲಗೆ, ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋಗಬೇಕು. ನಾನು ಕನ್ನಡದಲ್ಲಿ ಹೇಳಹೋದರೆ ಅಕ್ಕ ಕೈ ಅಡ್ಡ ಹಿಡಿದಳು. "ಕಂಪ್ಲಿ ಹೊಳಿಯಾಗ ಹರಗೋಲು ಹಾಕಿದಾಕಿ ನಾನು. ನನಗ ಹೇಳಾಕ ಬರಬ್ಯಾಡ."

ಆಮೇಲೆ ಲೈಫ್ ಜಾಕೆಟ್ಟು. ಅಕ್ಕನ ಎದೆಯ ಮೇಲೆ ಎರಡು ಲಿಂಗ, ಕೊಂಡಿ ಕೂಡುತ್ತಿಲ್ಲ. ಉಳಿದ ನಾಲ್ಕು ದೋಣಿಗಳು ನೀರಿಗಿಳಿದು ನಮಗಾಗಿ ಕಾಯುತ್ತಿದ್ದವು. ಹೆಂಕ್ ಗಡಿಯಾರ ನೋಡುತ್ತಿದ್ದ. ನನಗೆ ತಲೆ ಕೆಟ್ಟುಹೋಯಿತು. "ಒಂದನ್ನರ ತಗಿಯವಾ," ಎಂದು ನಾನೇ ಅವಳ ಕೊರಳಿಗೆ ಕೈಹಾಕಿ ನನ್ನದನ್ನು ತೆಗೆದೆ. ರೂಮಿನಲ್ಲಿಟ್ಟು ಬರುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಅವಳ ಜಾಕೆಟ್ಟಿನ ಪಟ್ಟಿಗೆ ಕರವಸ್ತ್ರದಿಂದ ಗಂಟು ಹಾಕಿದೆ. ಅವಸರದಲ್ಲಿ ಒಂದೇ ಗಂಟು.

ಹರಿಗೋಲು ದುಂಡಗಿರುತ್ತದೆ, ಬುಟ್ಟಿಯ ಹಾಗೆ. ಮುಂದೆ ಕೂತವರು ಒಂದೇ ಹುಟ್ಟಿನಿಂದ ನೀರನ್ನು ತಮ್ಮ ಕಡೆ ಎಳೆದುಕೊಂಡರೆ ಅದು ಸಾಗುತ್ತದೆ. ಮುಂದೆ ಕೂತ ಅಕ್ಕ ಅದನ್ನೇ ಮಾಡಿದಳು. ಹುಟ್ಟಿನ ಒಂದೇ ತುದಿ, ಒಂದೇ ಮಗ್ಗುಲು. ದೋಣಿ ಅಲ್ಲೇ ಒಂದು ಸುತ್ತು ಹಾಕಿತು. "ಎಡಕ್ಕೂ ಹಾಕಕ್ಕಾ," ಎಂದು ಹಿಂದಿನಿಂದ ಹೇಳಿದೆ. ಎರಡನೆಯ ಸುತ್ತು ಹಾಕಿತು. ಮಾಯಾ ಕೂಗುತ್ತಿದ್ದಳು, ಅಕ್ಕ ಅವಳಿಗೆ ಕೈ ಬೀಸಿದಳು. ಮೂರನೆಯ ಸುತ್ತಿನಲ್ಲಿ ಅವಳಿಗೇ ಬೇಸರವಾಗಿ, "ಈ ಹರಗೋಲಿಗೆ ತಳಾನ ಸರಿಯಿಲ್ಲ," ಅಂದು ಮೊಣಕಾಲೂರಿ ಎದ್ದು ಮುಂದಕ್ಕೆ ಬಾಗಿ ನೀರೆಳೆದಳು. ಇಬ್ಬರೂ ಮಗುಚಿ ಬಿದ್ದೆವು.

ದಂಡೆಯಿಂದ ಐವತ್ತು ಹೆಜ್ಜೆಯೂ ಇರಲಿಲ್ಲ. ಜಾಕೆಟ್ಟು ನಮ್ಮನ್ನು ತೇಲಿಸಿತು, ಮಾಯಾ ಎಳೆದು ದಂಡೆಗೆ ತಂದಳು. ಐಸಿನಂಥ ನೀರು. ಹಲ್ಲು ಕಟಕಟ ಅನ್ನುವಾಗಲೂ ನಾನು ಅಕ್ಕನನ್ನು ಬೈಯುತ್ತಲೇ ಇದ್ದೆ. ಅವಳು ಜಾಕೆಟ್ಟಿನ ಪಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆಗ ನಾನೂ ನೋಡಿದೆ. ಕರವಸ್ತ್ರ ಇರಲಿಲ್ಲ.

ದಂಡೆ

ಹೋದದ್ದು ಏನು ಎಂದು ಮಾಯಾಗೆ ಹೇಳಬೇಕಾಯಿತು. ಹುಟ್ಟಿದಾಗ ಕೊಟ್ಟು ಸತ್ತಾಗ ಅಂಗೈಯಲ್ಲಿಟ್ಟು ಕಳಿಸುವ ದೇವರು ಎಂದೆ. ಇನ್ನೂ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಹೆಂಕ್ ಪೂರ್ತಿ ಕೇಳಿದ. ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, ಈಜುವ ಕನ್ನಡಕ ಹಾಕಿಕೊಂಡು ನೀರಿಗಿಳಿದ. ಮುಳುಗಿ ಮುಳುಗಿ ಎದ್ದ. ಒಂದು ತಂಪು ಕನ್ನಡಕ ತಂದ, ಒಂದು ಚಮಚ ತಂದ, ಯಾರದೋ ಒಂಟಿ ಚಪ್ಪಲಿ ತಂದ. ತುಟಿ ನೀಲಿಯಾದಾಗ ಮಾಯಾ ಗದರಿಸಿ ಹೊರಗೆ ಕರೆದಳು. ಅವನ ಬಗ್ಗೆ ಐದು ದಿನ ಅಂದುಕೊಂಡಿದ್ದನ್ನೆಲ್ಲ ನಾನು ವಾಪಸು ತೆಗೆದುಕೊಂಡೆ.

ಮಧ್ಯಾಹ್ನ ಅಕ್ಕ ಊಟ ಮಾಡಲಿಲ್ಲ. ಲಿಂಗ ಕಳೆದ ಮೇಲೆ ಸಿಗುವತನಕ ಅಥವಾ ಹೊಸದು ಕಟ್ಟುವತನಕ ಬಾಯಿಗೆ ಅನ್ನವಿಲ್ಲ, ಇದು ನಮ್ಮ ಅವ್ವ ಕಲಿಸಿದ್ದು. ನನಗೆ ರೇಗಿತು. "ನಿಂದು ನಿನ್ನ ಕೊಳ್ಳಾಗ ಐತಿ. ಹೋದದ್ದು ನಂದು. ನೀ ಯಾಕ ಉಪಾಸ ಇರತಿ?" ಎಂದೆ.

"ಹದಿನಾಲ್ಕು ವರ್ಷ ಅನ್ನ ನೀರು ತೋರಿಸಿದಾಕಿ ನಾನು," ಅಂದಳು. ನಾನು ಸಿಟ್ಟಿನಲ್ಲಿ ಅವಳ ಎದುರಿಗೇ ಕೂತು ನನ್ನ ಪಾಲಿನದನ್ನು ತಿಂದೆ. ರುಚಿ ಗೊತ್ತಾಗಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅವಳ ಕೈ ನಡುಗಲು ಶುರುವಾಯಿತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಾಳೆ, ಹೊಟ್ಟೆಯಲ್ಲಿ ಏನಿಲ್ಲ, ಹಣೆಯಲ್ಲಿ ತಣ್ಣನೆಯ ಬೆವರು. ನನಗೆ ಜೀವ ಬಾಯಿಗೆ ಬಂತು. ಕಂಪ್ಲಿಯ ನಮ್ಮ ಮಠದ ಸ್ವಾಮಿಗಳಾದ ಅಜ್ಜಾರಿಗೆ ಫೋನ್ ಹಚ್ಚಿದೆ. ಅವರು ಪೂರ್ತಿ ಕೇಳಿ ಅಕ್ಕನ ಕೈಗೆ ಫೋನ್ ಕೊಡಿಸಿದರು. "ಗಾಬರಿ ಆಗಬ್ಯಾಡ್ರಿ ತಾಯಿ. ಊರಿಗೆ ಬರ್ರಿ, ಹೊಸದು ಕಟ್ಟೂಣು. ಅಲ್ಲೀತನಾ ಪ್ರಸಾದ ತಗೋರಿ, ಏನೂ ದೋಷ ಇಲ್ಲ," ಎಂದದ್ದು ನನಗೂ ಕೇಳಿಸಿತು. ಆಗಲಿ ಅಪ್ಪಾರ ಎಂದು ಅಕ್ಕ ಫೋನಿಗೇ ಕೈಮುಗಿದಳು. ಬ್ರೆಡ್ಡು ಮುಂದಿಟ್ಟರೆ ತಟ್ಟೆ ಸರಿಸಿದಳು. "ಅಜ್ಜಾರು ದಯಾವಂತರು, ಹಂಗ ಅಂತಾರ. ಕಳಕೊಂಡಾಕಿಗೆ ಗಂಟಲಾಗ ಇಳೀಬೇಕಲ್ಲ."

ಇವಳಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆಸ್ಪತ್ರೆ ಎಷ್ಟು ದೂರ ಎಂದು ಮಾಯಾ ನೋಡತೊಡಗಿದಳು. ನಾನು ಅಕ್ಕನ ಮುಂದೆ ಕೂತೆ. ಅತ್ತೆನೋ ಬೈದೆನೋ ನೆನಪಿಲ್ಲ.

"ಗಂಟು ಹಾಕಿದಾಕಿ ನಾನಕ್ಕಾ. ನೀನು ಹದಿನಾಲ್ಕು ವರ್ಷ ಕಾಪಾಡಿದ್ದನ್ನ ನಾನು ಹದಿನಾಲ್ಕು ನಿಮಿಷ ಕಾಪಾಡಲಿಲ್ಲ. ನಂದು ಅದು. ಕಳೆದಾಕಿ ನಾನು, ಉಪಾಸ ನಂದು. ಅಜ್ಜಾರು ಹೊಸದು ಕಟ್ಟೂತನಾ ನಾ ಒಂದಗಳು ಮುಟ್ಟಂಗಿಲ್ಲ. ನೀ ಉಣ್ಣು."

ಅವಳು ನನ್ನನ್ನು ಅಳೆಯುವವಳಂತೆ ನೋಡಿದಳು. "ನೀ ಉಪಾಸ ಇರಾಕೀ? ಶಿವರಾತ್ರಿ ದಿನ ಹತ್ತು ಗಂಟೆಗೆ ಒಗ್ಗಾಣಿ ಮಿರ್ಚಿ ತಿಂದಾಕಿ ನೀನು."

"ಅವ್ವನ ಆಣಿ," ಎಂದೆ.

"ಕಟ್ಟಿಕೊಂತೀ?"

"ಕಟ್ಟಿಕೊಂತೀನಿ."

ಅಕ್ಕ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಒಂದು ಬಟ್ಟಲು ಮೊಸರು, ಎಲ್ಲ ಉಂಡಳು. ಅವಳ ಕೈ ನಡುಕ ನಿಲ್ಲುವವರೆಗೆ ನಾನು ಆ ಕೈಯನ್ನೇ ನೋಡುತ್ತ ಕೂತಿದ್ದೆ. ಆಮೇಲೆ ನನಗೆ ಹಸಿವಾಯಿತು.

ವಿಮಾನ

ಆ ಸಂಜೆ ಗುಂಪಿನ ಬೀಳ್ಕೊಡುಗೆಯ ಊಟ. ಎಂಟು ಜನ ಉಂಡರು, ನಾನು ನೀರು ಕುಡಿದೆ. ಮರುದಿನ ಎರಡು ವಿಮಾನ. ಮೊದಲನೆಯದರಲ್ಲಿ ಅಕ್ಕ ಅನ್ನ ಪಲ್ಯ ಉಂಡು, "ಉಪ್ಪು ಕಡಿಮಿ ಆಗೈತಿ," ಅಂದಳು. ಎರಡನೆಯದರಲ್ಲಿ ತನ್ನದೂ ಉಂಡು, ಹಾಳಾಗಬಾರದೆಂದು ನನ್ನ ತಟ್ಟೆಯ ಹಣ್ಣನ್ನೂ ತಿಂದಳು. ಅವಳ ಮೇಲೆ ನನಗೆ ಬಂದ ಕೋಪ ಬರೆಯುವಂಥದ್ದಲ್ಲ. ಹೊರಡುವಾಗ ಮಾಯಾ ಒಂದು ಚಾಕೊಲೇಟು ಕೊಟ್ಟಿದ್ದಳು. ಅದನ್ನು ಮುಷ್ಟಿಯಲ್ಲಿ ಹಿಡಿದು ವಿಮಾನದ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಐವತ್ತೇಳು ವರ್ಷದವಳು, ನಿವೃತ್ತ ಶಿಕ್ಷಕಿ. ಕಾಗದ ಬಿಡಿಸಿದೆ. ಯಾರು ನೋಡುತ್ತಾರೆ? ಅಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಹದಿನಾಲ್ಕು ವರ್ಷ ಅವಳೂ ಯಾರಿಗೂ ಗೊತ್ತಾಗದ ಹಾಗೆ ಪೂಜೆ ಮಾಡಿದ್ದಳಲ್ಲ ಎಂದು ಯಾಕೆ ಹೊಳೆಯಿತೋ, ಮತ್ತೆ ಕಾಗದ ಸುತ್ತಿ ಹೊರಗೆ ಬಂದೆ.

ಬೆಂಗಳೂರಿಗೆ ಕಾರು ತಂದಿದ್ದ ನಮ್ಮ ಮನೆಯವರು ಚಿತ್ರದುರ್ಗದ ಹತ್ತಿರ ತಿಂಡಿಗೆ ನಿಲ್ಲಿಸಿದರು. ಅಕ್ಕ ಇಡ್ಲಿ ತಿಂದಳು. ನಾನು ಕಾರಿನಲ್ಲೇ ಕೂತಿದ್ದೆ. "ಅಲ್ಲಿ ಏನು ಮಾಡಿದ್ರು ಇಕಿಗೆ?" ಎಂದು ಅವರು ಅಕ್ಕನನ್ನು ಕೇಳಿದರು. "ಏನಿಲ್ಲ ಬಿಡ್ರಿ, ಭಾಳ ಚೊಲೊ ಆತು ಪ್ರವಾಸ," ಅಂದಳು ಅಕ್ಕ.

ಕಂಪ್ಲಿ

ಹೊಸಪೇಟೆಯಲ್ಲಿ ಮನೆಗೂ ಹೋಗದೆ ನೇರ ಕಂಪ್ಲಿಯ ಮಠಕ್ಕೆ ಹೋದೆವು. ಕಳಕೊಂಡವರು ಯಾರು ಎಂದು ಅಜ್ಜಾರು ಕೇಳಿದರು. ಅಕ್ಕ ಬಾಯಿ ತೆರೆಯುವ ಮುಂಚೆ ನಾನು ಮುಂದೆ ಹೋಗಿ ಕೂತೆ. ಹೊಸ ಲಿಂಗ ಕಟ್ಟಿ ಬಾಳೆಹಣ್ಣು ಕೊಟ್ಟರು. ಆ ಒಂದು ಹಣ್ಣನ್ನು ತಿಂದ ಹಾಗೆ ನಾನು ಜೀವಮಾನದಲ್ಲಿ ಏನನ್ನೂ ತಿಂದಿಲ್ಲ. ಅಂದು ತಮ್ಮನ ಮನೆಯಲ್ಲೇ, ನಮ್ಮ ತವರಿನಲ್ಲೇ, ಉಳಿದೆವು.

ಮರುದಿನ ಬೆಳಿಗ್ಗೆ ದೇವರ ಕೋಣೆಯಲ್ಲಿ ಅಕ್ಕನ ಪಕ್ಕ ಕೂತೆ. ಕಾಲು ಮಡಚಲು ಬಾರದು, ಪೂಜೆಯಲ್ಲಿ ಯಾವುದಾದ ಮೇಲೆ ಯಾವುದು ಎಂದು ಮರೆತುಹೋಗಿತ್ತು. ಈಬತ್ತಿ ಹಚ್ಚಿದರೆ ಕಣ್ಣಿಗೆ ಉದುರಿತು. ಅಕ್ಕ ನನ್ನ ಕಡೆ ನೋಡಲಿಲ್ಲ, ಹೀಗೆ ಮಾಡು ಹಾಗೆ ಮಾಡು ಅನ್ನಲಿಲ್ಲ. ಅವಳ ಅಂಗೈಯಲ್ಲಿ ಒಂದೇ ಇತ್ತು. ನೀರೆರೆದಳು, ಪತ್ರಿ ಏರಿಸಿದಳು. ಅಭ್ಯಾಸದಿಂದ ಇನ್ನೊಂದು ಪತ್ರಿ ಹರಿದಳು. ಅದನ್ನು ಹಿಡಿದು ಕ್ಷಣ ಹೊತ್ತು ಕೂತು, ಮತ್ತೆ ತಟ್ಟೆಯಲ್ಲೇ ಇಟ್ಟಳು.

"ಇವತ್ತ ಜಲ್ದಿ ಮುಗೀತು ನೋಡು," ಅಂದು ಎದ್ದು ಅಡಿಗೆಮನೆಗೆ ಹೋದಳು. ನನ್ನದು ಇನ್ನೂ ಮುಗಿದಿರಲಿಲ್ಲ. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಎದ್ದು ಹೋಗಲಿಲ್ಲ.